ಮರದ ಸೌಟಿನ ಬಾಳಿಕೆ

ಮರದ ಸೌಟಿನ ಶತ್ರು ನೀರು. ಉರಿ ಅದರ ಅಂಚನ್ನು ಕರಕಾಗಿಸಬಹುದು, ಹುಳಿ ಬಣ್ಣ ಕೆಡಿಸಬಹುದು, ಒಗ್ಗರಣೆ ಜಿಡ್ಡು ಹಿಡಿಸಬಹುದು. ಇವು ಯಾವುವೂ ಸೌಟನ್ನು ಬೇಗ ಮುಗಿಸುವುದಿಲ್ಲ. ಒಳಹೊಕ್ಕ ನೀರು ಪೂರ್ತಿ ಹೊರಬರುವ ಮೊದಲೇ ಮತ್ತೆ ಮತ್ತೆ ನೀರು ಸೇರುತ್ತ ಹೋದರೆ ಮರ ಸೀಳುತ್ತದೆ, ಸಿಬಿರೇಳುತ್ತದೆ, ಬೂಷ್ಟು ಹಿಡಿಯುತ್ತದೆ. ಆದರೂ ಸೌಟಿನ ಆರೈಕೆಯ ಬಗ್ಗೆ ಈಗ ಸಿಗುವ ಸಲಹೆಗಳು ಬಹುಪಾಲು ಎಣ್ಣೆಯ ಸುತ್ತಲೇ ತಿರುಗುತ್ತವೆ: ಯಾವ ಎಣ್ಣೆ ಸವರಬೇಕು, ಎಷ್ಟು ದಿನಕ್ಕೊಮ್ಮೆ, ಮೇಲೆ ಯಾವ ಮೇಣ. ಒಣಗಿಸುವ ಮಾತು ಕೊನೆಗೆ ಒಂದು ಸಾಲಾಗಿ ಬಂದು ಹೋಗುತ್ತದೆ. ಈ ಆದ್ಯತೆ ತಲೆಕೆಳಗಾಗಿದೆ. ಸೌಟು ಎಷ್ಟು ಕಾಲ ಬಾಳುತ್ತದೆ ಎಂಬುದರಲ್ಲಿ ಹೆಚ್ಚಿನ ಪಾಲು ಅದನ್ನು ಕೆತ್ತುವಾಗಲೇ ತೀರ್ಮಾನವಾಗಿರುತ್ತದೆ. ಉಳಿದದ್ದು ಅದು ದಿನವೂ ಎಲ್ಲಿ, ಹೇಗೆ ಒಣಗುತ್ತದೆ ಎಂಬುದರ ಮೇಲೆ ನಿಂತಿದೆ. ಎಣ್ಣೆಯ ಪಾತ್ರ ಆಮೇಲಿನದು, ಅದೂ ಚಿಕ್ಕದು.

ಮರವೆಂದರೆ ಉದ್ದಕ್ಕೆ ಜೋಡಿಸಿದ ಸಣ್ಣ ಕೊಳವೆಗಳ ಕಟ್ಟು. ಬೇರಿನಿಂದ ಎಲೆಗೆ ನೀರು ಸಾಗಿಸಲು ಬೆಳೆದ ಈ ಕೊಳವೆಗಳು ಮರ ಕಡಿದ ಮೇಲೂ ನೀರು ಎಳೆಯುವುದನ್ನು ನಿಲ್ಲಿಸುವುದಿಲ್ಲ. ಕೊಳವೆಗಳ ಬಾಯಿ ತೆರೆದಿರುವ ತುದಿಗಳಲ್ಲಿ ನೀರು ಪಕ್ಕಗಳಿಗಿಂತ ಹಲವು ಪಟ್ಟು ಬೇಗ ಒಳಸೇರುತ್ತದೆ. ಅದು ಮೊದಲು ಕೂರುವುದು ಕೊಳವೆಯ ಗೋಡೆಗಳಲ್ಲಿ. ಒಣಮರದ ತೂಕದ ಶೇ. 28ರಿಂದ 30ರಷ್ಟು ನೀರು ಸೇರುವವರೆಗೆ ಮರ ಊದುತ್ತಲೇ ಹೋಗುತ್ತದೆ; ಆಮೇಲಿನ ನೀರು ಕೊಳವೆಯ ಪೊಳ್ಳಿನಲ್ಲಿ ತುಂಬುವುದರಿಂದ ಗಾತ್ರ ಬದಲಾಗುವುದಿಲ್ಲ. ಒಣಗುವಾಗ ಇದೇ ಕ್ರಮ ಹಿಮ್ಮುಖವಾಗಿ ನಡೆಯುತ್ತದೆ. ಆದರೆ ಈ ಊದುವಿಕೆ, ಕುಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ವರ್ಷದ ಉಂಗುರಗಳ ಗುಂಟ ಮರ ಕುಗ್ಗುವ ಪ್ರಮಾಣ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಸೌಟಿನ ಬಟ್ಟಲು ಸೀಳುವುದಕ್ಕೂ ಚಪ್ಪಟೆ ಸಟ್ಟುಗ ಸೊಟ್ಟಗಾಗುವುದಕ್ಕೂ ಕಾರಣ ಈ ಅಸಮಾನತೆಯೇ.

ನೀರಿನಲ್ಲಿ ಅದ್ದದಿದ್ದರೂ ಮರ ಗಾಳಿಯ ತೇವದೊಂದಿಗೆ ಸಮತೂಕಕ್ಕೆ ಬರುತ್ತಿರುತ್ತದೆ. ಗಾಳಿಯ ಆರ್ದ್ರತೆ ಶೇ. 65 ಇದ್ದಾಗ ಮರದೊಳಗಿನ ನೀರು ಶೇ. 12ರ ಹತ್ತಿರ ನಿಲ್ಲುತ್ತದೆ, ಆರ್ದ್ರತೆ ಶೇ. 90 ದಾಟಿದರೆ ಅದು ಶೇ. 20ಕ್ಕೆ ಏರುತ್ತದೆ, ಶೇ. 30ಕ್ಕೆ ಇಳಿದರೆ ಶೇ. 6ಕ್ಕೆ ಇಳಿಯುತ್ತದೆ. ಹೀಗಾಗಿ ಒಂದೇ ಮರದ, ಒಂದೇ ಕೈಯ ಎರಡು ಸೌಟುಗಳು ಎರಡು ಊರುಗಳಲ್ಲಿ ಎರಡು ಬಗೆಯಲ್ಲಿ ಕೆಡುತ್ತವೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ಆಷಾಢ, ಶ್ರಾವಣದ ಸೌಟಿಗೆ ಬೂಷ್ಟಿನ ಕಾಟ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿರುಕಿನದು. ಎಲ್ಲ ಊರಿಗೂ ಒಂದೇ ಆರೈಕೆ ಹೇಳುವ ಸಲಹೆಗಳು ಇಲ್ಲಿಯೇ ಎಡವುತ್ತವೆ.

ಇಷ್ಟೆಲ್ಲ ತೊಡಕಿದ್ದೂ ಮರ ಅಡುಗೆಮನೆಯಲ್ಲಿ ಉಳಿದುಕೊಂಡಿರುವುದಕ್ಕೆ ಗಟ್ಟಿ ಕಾರಣಗಳಿವೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ಹೋಲಿಸಿದರೆ ಮರದ ಶಾಖವಾಹಕತೆ ಸುಮಾರು ನೂರರಲ್ಲಿ ಒಂದು ಪಾಲು. ಅಲ್ಯೂಮಿನಿಯಂಗೆ ಹೋಲಿಸಿದರೆ ಸಾವಿರದಲ್ಲಿ ಒಂದಕ್ಕೂ ಕಡಿಮೆ. ಅರ್ಧ ಗಂಟೆ ಹಲ್ವ ಕೆದಕಿದರೂ ಹಿಡಿ ಕೈ ಸುಡುವುದಿಲ್ಲ. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯ ತವರ ಮೆದುವಾದದ್ದು, ಲೋಹದ ಸೌಟು ಅದನ್ನು ಕೆರೆದು ತೆಗೆಯುತ್ತದೆ. ಮಣ್ಣಿನ ಮಡಕೆಗೆ, ಕಲ್ಲಿನ ಮರಿಗೆಗೆ, ಈಗಿನ ನಾನ್‌ಸ್ಟಿಕ್ ತವಾಕ್ಕೂ ಇದೇ ಮಾತು. ನಾನ್‌ಸ್ಟಿಕ್ ಜೊತೆಗೆ ಬಂದ ನೈಲಾನ್ ಸಟ್ಟುಗಗಳು ಮರಕ್ಕೆ ಪೂರ್ತಿ ಬದಲಿಯಾಗಲಿಲ್ಲ. ಜರ್ಮನಿಯ ಆಹಾರ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ, ಇಂಥ ಪಾಲಿಅಮೈಡ್ ಸಲಕರಣೆಗಳು 70 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಆಹಾರದೊಂದಿಗೆ ಇರುವ ಹೊತ್ತನ್ನು ಆದಷ್ಟು ಕಡಿಮೆ ಮಾಡಬೇಕೆಂದು ಹೇಳಿತು. ಕುದಿಯುವ ಸಾರಿನ ಶಾಖ 100 ಡಿಗ್ರಿ, ಕರಿಯುವ ಎಣ್ಣೆಯದು 170ರಿಂದ 190. ಒಣಮರ ಕರಿಕಲಾಗಲು ತೊಡಗುವುದು 200 ಡಿಗ್ರಿ ದಾಟಿದ ಮೇಲೆ. ಅಡುಗೆಯ ಶಾಖವನ್ನು ತಡೆಯಲು ಮರಕ್ಕೆ ಅವಕಾಶ ಸಾಕಷ್ಟಿದೆ, ಬಾಣಲೆಯ ಕಂಠಕ್ಕೆ ಒರಗಿಸಿ ಮರೆತು ಹೋಗದಿದ್ದರೆ.

ಯಾವ ಮರ ಎಂಬ ಪ್ರಶ್ನೆಗೆ ಮಾರುಕಟ್ಟೆ ಕೊಡುವ ಉತ್ತರವನ್ನು ನಂಬುವಂತಿಲ್ಲ. ಸೌಟಿಗೆ ಬೇಕಾದದ್ದು ಒತ್ತಾದ ನಾರು, ಸಣ್ಣ ರಂಧ್ರ, ವಾಸನೆಯಾಗಲಿ ಬಣ್ಣವಾಗಲಿ ಬಿಡದ ಗುಣ. ಎಲ್ಲಕ್ಕಿಂತ ಮುಖ್ಯವಾಗಿ ಕೆಚ್ಚು. ಯಾವ ಮರವೇ ಆಗಲಿ, ತೊಗಟೆಯ ಒಳಗಿನ ಬಿಳಿಮರದಲ್ಲಿ ಪಿಷ್ಟವಿರುತ್ತದೆ, ಕುಟ್ಟೆ ಹುಳು ಬರುವುದೂ ಬೂಷ್ಟು ಇಳಿಯುವುದೂ ಅಲ್ಲಿಗೇ. ತೇಗದ ಕೆಚ್ಚು ನೀರಿಗೂ ಹುಳುವಿಗೂ ಜಗ್ಗುವುದಿಲ್ಲ, ಅದರ ಸಹಜ ಎಣ್ಣೆಯಂಶವೇ ಕಾವಲು; ಆದರೆ ವರ್ಷದ ಉಂಗುರಗಳುದ್ದಕ್ಕೂ ಅದರ ರಂಧ್ರಗಳು ಬಿಟ್ಟುಕೊಂಡಿರುತ್ತವೆ, ಹಿಟ್ಟು ಅಲ್ಲಿ ಹೋಗಿ ಕೂರುತ್ತದೆ. ಹುಣಸೆಯ ಕೆಚ್ಚು ಕಬ್ಬಿಣದಂಥದ್ದು. ತೊಂದರೆಯೆಂದರೆ ಹುಣಸೆಯಲ್ಲಿ ಬಿಳಿಮರವೇ ಬಹುಪಾಲು. ಕೆಚ್ಚು ಸಿಗಲು ಮರ ಸಾಕಷ್ಟು ಹಳೆಯದಾಗಿರಬೇಕು, ಅಂಗಡಿಯಲ್ಲಿ ಹುಣಸೆಯೆಂದು ಸಿಗುವುದು ಸಾಮಾನ್ಯವಾಗಿ ಅದರ ಬಿಳಿಮರ. ಹಲಸಿನ ಕೆಚ್ಚು ಚೆನ್ನ, ಆದರೆ ಮೊದಮೊದಲು ಹಳದಿ ಬಣ್ಣ ಬಿಡುತ್ತದೆ; ಭಿಕ್ಷುಗಳ ಚೀವರಕ್ಕೆ ಬಣ್ಣ ಕೊಡುತ್ತಿದ್ದ ಮರವೇ ಅದು. ಹೊನ್ನೆ ನೀರಿಗೆ ಬಿದ್ದೊಡನೆ ಬಣ್ಣ ಬಿಡುವ ಮರ. ನೀರು ಕುಡಿಯುವ ಲೋಟಕ್ಕೆ ಅದನ್ನು ಅದೇ ಗುಣಕ್ಕಾಗಿ ಹುಡುಕುವವರಿದ್ದಾರೆ, ಪಾಯಸದ ಸೌಟಿಗೆ ಅದು ಹೊಂದುವುದಿಲ್ಲ. ಮಾವು ಅಗ್ಗ, ಕೆತ್ತಲು ಸುಲಭ, ಕೆಡುವುದೂ ಸುಲಭ. ಬೀಟೆ ದಟ್ಟವಾದ, ಬಹಳ ಕಾಲ ಬಾಳುವ ಮರ. ಅದರ ಜಾತಿಯ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ, ಒಂದು ಸೌಟಿಗಾಗಿ ಅದನ್ನು ಬಯಸುವುದು ಅತಿಯಾಯಿತು.

ಬೇವಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬೇವಿನ ಸೌಟು ತಾನೇ ರೋಗಾಣುಗಳನ್ನು ಕೊಲ್ಲುತ್ತದೆ ಎಂಬ ಒಕ್ಕಣೆಯಿಂದಲೇ ಅದು ಈಗ ದುಬಾರಿಯಾಗಿ ಮಾರಾಟವಾಗುತ್ತದೆ. ಬೇವಿನ ಹೆಸರುವಾಸಿ ಕಹಿ ರಾಸಾಯನಿಕಗಳು ಹೆಚ್ಚಾಗಿರುವುದು ಅದರ ಬೀಜದಲ್ಲಿ. ತೊಳೆದು ತೊಳೆದು ಬಳಸುವ ಮರದ ತುಂಡಿಗೆ ಅದೇ ಶಕ್ತಿಯನ್ನು ಆರೋಪಿಸಲು ಆಧಾರ ಸಾಲದು. ಬೇವು ಒಳ್ಳೆಯ ಸೌಟಿನ ಮರ, ನಿಜ. ಗಟ್ಟಿತನ, ಮಧ್ಯಮ ದಟ್ಟಣೆ, ಊರೂರಲ್ಲಿ ಸಿಗುವ ಅನುಕೂಲ ಅದಕ್ಕೆ ಸಾಕಷ್ಟು ಗೌರವ ತರುತ್ತವೆ. ಔಷಧಿಯ ಪಟ್ಟ ಬೇಕಿಲ್ಲ. ಬಿದಿರು ಮರವೇ ಅಲ್ಲ, ಹುಲ್ಲು. ಒಂದೇ ಸೀಳಿನಿಂದ ಮಾಡಿದ ಬಿದಿರ ಸೌಟು ಹಗುರ, ಬಲವಾದದ್ದು; ಪಟ್ಟಿಗಳನ್ನು ಅಂಟಿನಿಂದ ಕೂಡಿಸಿ ಮಾಡಿದ್ದು ಅಂಟು ಇರುವವರೆಗೆ ಮಾತ್ರ ಸೌಟು.

ಮರದ ಜಾತಿಗಿಂತಲೂ ನಾರಿನ ದಿಕ್ಕು ದೊಡ್ಡದು. ಕೊಡಲಿಯಿಂದ ಸಿಗಿದ ತುಂಡಿನಲ್ಲಿ ನಾರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ ಹೋಗುತ್ತದೆ, ಯಾಕೆಂದರೆ ಮರ ಸಿಗಿಯುವುದೇ ನಾರಿನ ಗುಂಟ. ಗರಗಸ ನಾರಿನ ಮುಲಾಜು ನೋಡುವುದಿಲ್ಲ. ಹಲಗೆ ನೇರವಾಗಿ ಕಂಡರೂ ಒಳಗೆ ನಾರು ಓರೆಯಾಗಿ ಹಾದು ಪಕ್ಕಕ್ಕೆ ಬಂದು ನಿಂತಿರುತ್ತದೆ. ಹಿಡಿಯ ಕುತ್ತಿಗೆಯಲ್ಲಿ ಹೀಗೆ ಓರೆ ನಾರು ಬಂದರೆ ಸೌಟು ಮುರಿಯುವುದು ಅಲ್ಲಿಯೇ, ಯಾವ ಎಣ್ಣೆಯೂ ಅದನ್ನು ತಡೆಯಲಾರದು. ಸ್ವೀಡನ್ನಿನ ಸೌಟು ಕೆತ್ತುವ ಪರಂಪರೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ವಿಲ್ಲೆ ಸುಂಡ್‌ಕ್ವಿಸ್ಟ್‌ನಂಥ ಕುಶಲಕರ್ಮಿಗಳು ಬರ್ಚ್ ಮರದ ಸಹಜವಾಗಿ ಬಾಗಿದ ಕೊಂಬೆಯನ್ನೇ ಆರಿಸಿ, ಬಟ್ಟಲಿನಿಂದ ಹಿಡಿಗೆ ತಿರುಗುವ ಬಾಗಿನಲ್ಲಿಯೂ ನಾರು ಕಡಿಯದಂತೆ ಕೆತ್ತಿದರು. ಹಸಿಮರದಲ್ಲೇ ಕೆತ್ತಿ ಆಮೇಲೆ ನಿಧಾನವಾಗಿ ಒಣಗಿಸುವುದು ಅವರ ಪದ್ಧತಿ. ಕರ್ನಾಟಕದ ಸಂತೆಗಳಲ್ಲಿ ಸಿಗುವ ಅಗ್ಗದ ಸೌಟುಗಳ ದೊಡ್ಡ ದೋಷ ಇದರ ತದ್ವಿರುದ್ಧ: ಗರಗಸದ ಹಲಗೆ, ನಡುವೆ ಗಂಟು, ಮೇಲೆ ಅದನ್ನೆಲ್ಲ ಮುಚ್ಚುವ ವಾರ್ನಿಷ್. ಕೊಳ್ಳುವಾಗ ಹಿಡಿಯ ಪಕ್ಕದ ಗೆರೆಗಳು ತುದಿಯವರೆಗೆ ಓಡುತ್ತವೆಯೇ ಎಂದು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಅಷ್ಟು ಪರೀಕ್ಷೆಯಿಂದ ಸೌಟು ಉಳಿಯುವಷ್ಟು ಕಾಲ ಮುಂದಿನ ಯಾವ ಆರೈಕೆಯಿಂದಲೂ ಉಳಿಯುವುದಿಲ್ಲ.

ಬಾಳಿಕೆಯ ದೃಷ್ಟಿಯಿಂದ ಹಳೇ ಮೈಸೂರು ಸೀಮೆಯ ಮುದ್ದೆ ಕೋಲು ಬಹು ಯಶಸ್ವಿಯಾದ ವಿನ್ಯಾಸ. ಅದಕ್ಕೆ ಬಟ್ಟಲಿಲ್ಲ, ಕುತ್ತಿಗೆಯಿಲ್ಲ, ತೆಳು ಅಂಚಿಲ್ಲ. ದುಂಡಗಿನ ನೆಟ್ಟನೆ ಕೋಲು ಅಷ್ಟೆ. ಮರ ಎಲ್ಲಿ ಸೀಳುವುದು ಸಾಧ್ಯವೋ ಆ ಜಾಗಗಳನ್ನೇ ಅದು ಕಳೆದುಕೊಂಡಿದೆ. ಅದರ ಮೇಲೆ ಬೀಳುವ ಒತ್ತಡವಾದರೋ ಬೇರೆ ಯಾವ ಸೌಟೂ ಕಾಣದಷ್ಟು. ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು ಆವಿಗೆ ದಾರಿ ಮಾಡಿ, ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು ಗಂಟಿಲ್ಲದಂತೆ ತೊಳಸುವಾಗ, ಗಟ್ಟಿಯಾಗುತ್ತಿರುವ ಹಿಟ್ಟಿನ ಎದುರು ಇಡೀ ಮೈಭಾರ ಕೋಲಿನ ಮೇಲೆ ಬೀಳುತ್ತದೆ. ಕೋಲು ಬಳುಕಬಾರದು, ಬಳುಕಿದರೆ ಹಿಟ್ಟು ಒಡೆಯುವುದಿಲ್ಲ. ಕೆಚ್ಚಿರುವ ಬೇವು, ಹುಣಸೆ, ಜಾಲಿ ಇದಕ್ಕೆ ಸಲ್ಲುತ್ತವೆ. ಮಾವು ಸಲ್ಲದು.

ಮುದ್ದೆ ಕೋಲು ಸೋಲುವುದು ಒಂದೇ ಕಡೆ, ಕೆಳತುದಿಯಲ್ಲಿ. ಕೊಳವೆಗಳ ಬಾಯಿ ಅಲ್ಲಿ ಬಿಸಿ ಗಂಜಿಗೆ ನೇರವಾಗಿ ತೆರೆದಿರುತ್ತದೆ, ಅದೇ ತುದಿ ಪಾತ್ರೆಯ ತಳಕ್ಕೆ ಉಜ್ಜುತ್ತದೆ. ತೇವದಲ್ಲಿ ಕಾದ ಮರದ ಲಿಗ್ನಿನ್ 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುವುದರಿಂದ ನಾರುಗಳು ಒಂದೊಂದಾಗಿ ಬಿಟ್ಟುಕೊಂಡು ತುದಿ ಕುಂಚವಾಗುತ್ತದೆ. ತುದಿಯನ್ನು ಚಪ್ಪಟೆಯಾಗಿ ಕತ್ತರಿಸದೆ ಮೊಟ್ಟೆಯ ಬೆನ್ನಿನಂತೆ ದುಂಡಗೆ ಮಾಡಿದರೆ ಈ ಕುಂಚಾಗುವಿಕೆ ಬಹಳ ನಿಧಾನವಾಗುತ್ತದೆ, ಯಾಕೆಂದರೆ ಹರಿತವಾದ ಅಂಚಿನಲ್ಲಿಯೇ ನಾರು ಮೊದಲು ಏಳುವುದು. ಕುಂಚಾದ ತುದಿಯನ್ನು ಅರ್ಧ ಅಂಗುಲ ಕತ್ತರಿಸಿ ಮತ್ತೆ ದುಂಡಗೆ ಉಜ್ಜಿದರೆ ಕೋಲು ಹೊಸದಾಗುತ್ತದೆ. ಗಿಡ್ಡವಾದ ಕೋಲು ದೊಡ್ಡ ಪಾತ್ರೆಯಿಂದ ಸಣ್ಣ ಪಾತ್ರೆಗೆ ಇಳಿಯುತ್ತದೆ. ಬೇರೆ ಯಾವ ಸೌಟಿಗೂ ಇಂಥ ಸುಲಭದ ಮರುಹುಟ್ಟು ಇಲ್ಲ. ಅಂಟಿದ ಹಿಟ್ಟಿನ ವಿಷಯದಲ್ಲಿ ಮಾತ್ರ ಹೊತ್ತು ಮುಖ್ಯ: ಹಸಿಯಾಗಿರುವಾಗ ತಣ್ಣೀರಿಗೆ ಹಿಡಿದರೆ ಕೈಯಲ್ಲೇ ಬಿಡುತ್ತದೆ, ಒಣಗಿದ ಮೇಲೆ ಕೆರೆಯಲು ಹೊರಟರೆ ಹಿಟ್ಟಿನ ಜೊತೆ ನಾರೂ ಬರುತ್ತದೆ.

ಕರಾವಳಿ, ಮಲೆನಾಡಿನ ಕರಟದ ಸೌಟು ಬೇರೆಯದೇ ಪಾಠ ಕಲಿಸುತ್ತದೆ. ತೆಂಗಿನ ಚಿಪ್ಪು ದಟ್ಟವಾದ, ಲಿಗ್ನಿನ್ ಹೇರಳವಾಗಿರುವ ವಸ್ತು. ಮರದಷ್ಟು ನೀರು ಕುಡಿಯುವುದಿಲ್ಲ, ಅದರಷ್ಟು ಊದುವುದೂ ಇಲ್ಲ. ಕಾಯಿಯ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುವುದರಿಂದ ಕಣ್ಣಿಲ್ಲದ ಹೋಳೇ ಸೌಟಿಗೆ ಯೋಗ್ಯ. ಚಿಪ್ಪಿನ ಪಕ್ಕಗಳಲ್ಲಿ ತೂತು ಕೊರೆದು, ಬಿದಿರಿನದೋ ಅಡಿಕೆ ದಬ್ಬೆಯದೋ ಹಿಡಿಯನ್ನು ಅದರಲ್ಲಿ ಬಿಗಿಯಾಗಿ ತೂರಿಸುವುದು ಹಳೆಯ ಕಟ್ಟು. ಬಟ್ಟಲಿಗೆ ಸಾವಿಲ್ಲವೆನ್ನಬಹುದು, ತೊಂದರೆಯೆಲ್ಲ ಕೂಡಿಸಿದ ಜಾಗದ್ದು. ಹಿಡಿ ನೀರಿನಲ್ಲಿ ಊದಿ ಬಿಗಿಯಾಗುತ್ತದೆ, ಒಣಗಿದಾಗ ಕುಗ್ಗಿ ಸಡಿಲಾಗುತ್ತದೆ; ಚಿಪ್ಪು ಈ ಎರಡಕ್ಕೂ ಹೊಂದಿಕೊಳ್ಳುವುದಿಲ್ಲ. ಹಳಬರ ಮದ್ದು ಸಣ್ಣ ಬೆಣೆ. ಹಿಡಿ ಪೂರ್ತಿ ಸವೆದರೆ ಹೊಸ ದಬ್ಬೆ ಸೀಳಿ ಹಾಕಿದರಾಯಿತು, ಚಿಪ್ಪು ಹಾಗೆಯೇ ಮುಂದುವರಿಯುತ್ತದೆ.

ಕರಕುಶಲ ಮಳಿಗೆಗಳಲ್ಲಿ ಈಗ ಸಿಗುವ ನುಣುಪಾದ, ಹೊಳೆಯುವ ಕರಟದ ಸೌಟುಗಳಲ್ಲಿ ಬೆಣೆಯ ಬದಲು ಅಂಟು ಇರುತ್ತದೆ. ಸಾಮಾನ್ಯ ಎಪಾಕ್ಸಿ ಅಂಟು 60 ಡಿಗ್ರಿಯ ಆಸುಪಾಸಿನಲ್ಲಿಯೇ ಮೆತ್ತಗಾಗತೊಡಗುತ್ತದೆ, ಕುದಿಯುವ ಸಾಂಬಾರಿನಲ್ಲಿ ಅದು ಹಿಡಿದುಕೊಳ್ಳುವುದಿಲ್ಲ. ನೋಡಲು ಚೆಂದವಾದ ಈ ಸುಧಾರಣೆ ಹಳೆಯ ಕಟ್ಟಿನ ಮುಖ್ಯ ಗುಣವನ್ನೇ ತೆಗೆದುಹಾಕಿದೆ. ಬಿಚ್ಚಿ ಕಟ್ಟುವ ಸೌಲಭ್ಯ ಹೋಗಿ, ಒಮ್ಮೆ ಬಿಟ್ಟರೆ ಎಸೆಯುವ ವಸ್ತುವಾಗಿದೆ. ಹಿತ್ತಾಳೆ ಮೊಳೆ ಬಡಿದು ಮಡಿಸಿದ ಕಟ್ಟು ಅಂಟಿಗಿಂತ ವಾಸಿ. ಚನ್ನಪಟ್ಟಣದ ಬಣ್ಣದ ಮರದ ಚಮಚಗಳ ಬಗ್ಗೆಯೂ ಇದೇ ಎಚ್ಚರಿಕೆ ಹೇಳಬೇಕು. ಆಲೆ ಮರದ ಮೇಲೆ ಅರಗಿನ ಬಣ್ಣ ಹಚ್ಚುವ ಆ ಕಲೆ ಶ್ರೇಷ್ಠವಾದದ್ದು, ಭೌಗೋಳಿಕ ಗುರುತೂ ಅದಕ್ಕೆ ಸಂದಿದೆ. ಆದರೆ ಅರಗು ಕುದಿನೀರಿನ ಶಾಖಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ, ಸೋಡಾದಂಥ ಕ್ಷಾರದಲ್ಲಿ ಕರಗುತ್ತದೆ. ಉಪ್ಪಿನ ಡಬ್ಬಿಗೆ, ಸಾಂಬಾರಪುಡಿಯ ಭರಣಿಗೆ ಅದು ಒಪ್ಪುವ ಚಮಚ, ಒಲೆಯ ಮೇಲಿನದಲ್ಲ.

ದೋಸೆ, ಪಲ್ಯಗಳ ಚಪ್ಪಟೆ ಸಟ್ಟುಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಅಂಚು ತೆಳ್ಳಗಿದ್ದಷ್ಟೂ ದೋಸೆಯಡಿ ಸಲೀಸಾಗಿ ನುಗ್ಗುತ್ತದೆ, ತೆಳ್ಳಗಿದ್ದಷ್ಟೂ ಬೇಗ ಕರಕಾಗುತ್ತದೆ. ಈ ಎರಡರ ನಡುವಿನ ರಾಜಿಯೇ ಅದರ ರೂಪ. ಬಲಗೈಯವರ ಸಟ್ಟುಗ ಒಂದು ಪಕ್ಕ, ಎಡಗೈಯವರದು ಇನ್ನೊಂದು ಪಕ್ಕ ಓರೆಯಾಗಿ ಸವೆಯುತ್ತದೆ. ಹಾಗೆ ಸವೆದ ಅಂಚು ಪಾತ್ರೆಯ ತಳಕ್ಕೆ ಹೊಸದಕ್ಕಿಂತ ಚೆನ್ನಾಗಿ ಕೂರುತ್ತದೆ, ಆದ್ದರಿಂದ ಸವೆತವನ್ನು ಹಾಳಾಗುವಿಕೆಯ ಲೆಕ್ಕಕ್ಕೆ ಸೇರಿಸಬೇಕಿಲ್ಲ.

ಹಿಂದಿನ ಕಾಲದ ಸೌಟುಗಳು ದಶಕಗಟ್ಟಲೆ ಬಂದವು, ಈಗಿನವು ಎರಡು ವರ್ಷಕ್ಕೇ ಹೋಗುತ್ತವೆ ಎಂಬ ದೂರಿನಲ್ಲಿ ಮರದ ಮೇಲೆ ಹಾಕುವ ತಪ್ಪಿನ ಒಂದು ಪಾಲು ಅಡುಗೆಮನೆಗೆ ಸೇರಬೇಕು. ಸೌದೆ ಒಲೆಯ ಮನೆಯಲ್ಲಿ ತೊಳೆದ ಸೌಟು ಒಲೆಯ ಪಕ್ಕದ ಗೂಟಕ್ಕೋ ಗೋಡೆಯ ಹಲಗೆಗೋ ಹೋಗುತ್ತಿತ್ತು. ಅಲ್ಲಿ ದಿನವಿಡೀ ಹದವಾದ ಬಿಸುಪು, ಒಣಗಾಳಿ, ಮೇಲೆ ಬೂಷ್ಟನ್ನೂ ಹುಳುವನ್ನೂ ದೂರವಿಡುವ ಹೊಗೆ. ಯಾರೂ ಅದನ್ನು ಆರೈಕೆ ಎಂದು ಕರೆಯಲಿಲ್ಲ. ಒಲೆಯೇ ಆ ಕೆಲಸ ಮಾಡುತ್ತಿತ್ತು. ಗ್ಯಾಸ್ ಒಲೆ ಬಂದಾಗ ಹೊಗೆಯ ಜೊತೆ ಈ ಸೇವೆಯೂ ಹೋಯಿತು. ಹೊಗೆ ಹೋದದ್ದು ಅಡುಗೆ ಮಾಡುವವರ ಶ್ವಾಸಕೋಶಕ್ಕೆ ಒಳ್ಳೆಯದೇ ಆಯಿತು. ಸೌಟು ಮಾತ್ರ ಸಿಂಕಿನ ತೇವದಿಂದ ನೇರವಾಗಿ ಮುಚ್ಚಿದ ಡ್ರಾಯರಿಗೆ, ಇಲ್ಲವೇ ತಳದಲ್ಲಿ ತೂತಿಲ್ಲದ ಸ್ಟೀಲ್ ಡಬ್ಬಿಗೆ ಹೋಗತೊಡಗಿತು. ಬಟ್ಟಲು ಮೇಲಾಗಿ ನಿಲ್ಲಿಸಿದ ಸೌಟಿನಿಂದ ಇಳಿದ ನೀರು ಡಬ್ಬಿಯ ತಳದಲ್ಲಿ ನಿಲ್ಲುತ್ತದೆ, ಹಿಡಿಯ ತುದಿ ಅದರಲ್ಲೇ ನೆನೆಯುತ್ತದೆ. ಇಂದಿನ ಸೌಟುಗಳಲ್ಲಿ ಎಷ್ಟೋ ಸಲ ಬಟ್ಟಲು ನೆಟ್ಟಗಿದ್ದು ಹಿಡಿಯ ಬುಡ ಕಪ್ಪಾಗಿರುವುದು ಹೀಗೆ. ಇದಕ್ಕೆ ಪರಿಹಾರ ಎಣ್ಣೆಯ ಸೀಸೆಯಲ್ಲಿಲ್ಲ, ಗೋಡೆಯ ಒಂದು ಮೊಳೆಯಲ್ಲಿದೆ: ಹಿಡಿಯಲ್ಲಿ ತೂತು ಕೊರೆದು, ನಾಲ್ಕೂ ಕಡೆ ಗಾಳಿಯಾಡುವಂತೆ ತೂಗುಹಾಕುವುದು. ಎರಡು ಸೌಟು ಇಟ್ಟುಕೊಂಡು ಸರದಿಯಲ್ಲಿ ಬಳಸುವುದು ಇನ್ನೂ ಒಳ್ಳೆಯದು. ರಾತ್ರಿ ಬಳಸಿದ್ದು ಬೆಳಗಿನೊಳಗೆ ಮೇಲ್ನೋಟಕ್ಕೆ ಒಣಗಿದರೂ ಒಳಗೆ ಒಣಗಿರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಆರಿಸಿದ ಗ್ಯಾಸ್ ಒಲೆಯ ಮೇಲ್ಭಾಗದ ಉಳಿದ ಬಿಸಿ ಉಪಯೋಗಕ್ಕೆ ಬರುತ್ತದೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಇದರ ತಿರುವುಮುರುವು ಸರಿ: ಒದ್ದೆ ಸೌಟನ್ನು ನೇರ ಬಿಸಿಲಿಗೆ ಇಟ್ಟರೆ ಹೊರಮೈ ಒಳಮೈಗಿಂತ ಬೇಗ ಕುಗ್ಗಿ ಸೀಳುತ್ತದೆ, ನೆರಳಲ್ಲಿ ನೀರಾರಿದ ಮೇಲೆ ಸ್ವಲ್ಪ ಹೊತ್ತು ಬಿಸಿಲು ತೋರಿಸಿದರೆ ಸಾಕು.

ತೊಳೆಯುವ ವಿಧಾನದಲ್ಲಿ ಹಳೆಯದನ್ನೆಲ್ಲ ಹೊಗಳಬೇಕಿಲ್ಲ. ಒಲೆಯ ಬೂದಿಯೂ ಡಿಶ್‌ವಾಶರಿನ ಪುಡಿಯೂ ರಾಸಾಯನಿಕವಾಗಿ ಒಂದೇ ಪಂಗಡದವು, ಎರಡೂ ಬಲವಾದ ಕ್ಷಾರ. ಕ್ಷಾರ ಮರದ ನಾರುಗಳನ್ನು ಬೆಸೆದಿರುವ ಅಂಶವನ್ನು ಕರಗಿಸುತ್ತದೆ. ವ್ಯತ್ಯಾಸವಿರುವುದು ಶಾಖದಲ್ಲಿ, ಹೊತ್ತಿನಲ್ಲಿ. ತಣ್ಣೀರಿನಲ್ಲಿ ಅರ್ಧ ನಿಮಿಷ ಬೂದಿಯಿಂದ ತಿಕ್ಕಿ ತೊಳೆಯುವುದು ಬೇರೆ, 60 ಡಿಗ್ರಿಯ ಕ್ಷಾರದ ನೀರಿನಲ್ಲಿ ಗಂಟೆಗೂ ಮೀರಿ ನೆನೆದು ಆಮೇಲೆ ಬಿಸಿಗಾಳಿಗೆ ಒಡ್ಡಿಕೊಳ್ಳುವುದು ಬೇರೆ. ಡಿಶ್‌ವಾಶರಿಗೆ ಹಾಕಿದ ಸೌಟು ಬೆಳ್ಳಗೆ, ಒರಟಾಗಿ, ನಾರು ಬಿಟ್ಟುಕೊಂಡು ಹೊರಬರುವುದು ಇದರಿಂದ. ಸಿಂಕಿನಲ್ಲಿ ರಾತ್ರಿಯಿಡೀ ನೆನೆಹಾಕುವುದೂ ಅಷ್ಟೇ ಕೆಟ್ಟದ್ದು. ಸಾಮಾನ್ಯ ಪಾತ್ರೆ ಸೋಪು, ತೆಂಗಿನ ನಾರು, ಬೆಚ್ಚಗಿನ ನೀರು, ಕೂಡಲೇ ಒರೆಸುವುದು: ಇಷ್ಟರ ಮೇಲೆ ಹೇಳಲು ಏನೂ ಇಲ್ಲ. ಬ್ಲೀಚ್ ಲಿಗ್ನಿನ್ನನ್ನು ಕೆಡಿಸುತ್ತದೆ. ಆಗೊಮ್ಮೆ ಈಗೊಮ್ಮೆ ಕುದಿನೀರಿನಲ್ಲಿ ಕೆಲವು ನಿಮಿಷ ಅದ್ದಿಟ್ಟರೆ ಒಳಗಿನ ಜಿಡ್ಡು ಕಕ್ಕುತ್ತದೆ, ಅದನ್ನು ವಾರದ ವ್ರತ ಮಾಡಿಕೊಂಡರೆ ಬಿರುಕು ಬರುತ್ತದೆ.

ಇನ್ನು ಎಣ್ಣೆ. ಮರಕ್ಕೆ ಹಚ್ಚಿದ ಎಣ್ಣೆ ಉಪಯೋಗಕ್ಕೆ ಬರಬೇಕಾದರೆ ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗಬೇಕು. ಆ ಸಾಮರ್ಥ್ಯವನ್ನು ಅಯೋಡಿನ್ ಮೌಲ್ಯದಿಂದ ಅಳೆಯುತ್ತಾರೆ. ಅಗಸೆ ಎಣ್ಣೆಯದು 170ಕ್ಕೂ ಮೇಲೆ, ಅದು ಒಣಗಿ ಪೊರೆಯಾಗುತ್ತದೆ. ಕಡಲೆಕಾಯಿ ಎಣ್ಣೆಯದು 100ರ ಆಸುಪಾಸು, ಅದು ಪೂರ್ತಿ ಒಣಗದೆ ಅಂಟಂಟಾಗಿ ನಿಂತು ಕಮಟು ವಾಸನೆ ಹಿಡಿಯುತ್ತದೆ. ತೆಂಗಿನ ಎಣ್ಣೆಯದು 10ರ ಆಸುಪಾಸು. ಅದು ಕಮಟುವುದು ಕಡಿಮೆ, ಗಟ್ಟಿಯಾಗುವುದಂತೂ ಇಲ್ಲವೇ ಇಲ್ಲ. 24 ಡಿಗ್ರಿಗೆ ಕರಗುವ ಎಣ್ಣೆ ಮೊದಲ ಸಾರಿನಲ್ಲೇ ತೇಲಿಹೋಗುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಅದರದೂ ಇದೇ ಗತಿ. ರೊಟ್ಟಿ ಬಡಿಯುವ ಹಲಗೆಗೆ, ಹಣ್ಣಿನ ಬಟ್ಟಲಿಗೆ ಮೇಣ ಚೆನ್ನಾಗಿ ಕೂರುತ್ತದೆ. ಅದೇ ಉಪಚಾರವನ್ನು ಕುದಿಯುವುದರಲ್ಲಿ ಮುಳುಗುವ ಸೌಟಿಗೂ ಹೇಳುವವರು ಎರಡು ಬೇರೆ ಕೆಲಸಗಳನ್ನು ಒಂದೆಂದು ತಿಳಿದಿದ್ದಾರೆ. ಇವುಗಳಲ್ಲಿ ಕೆಲಸಕ್ಕೆ ಬರುವುದು ಅಗಸೆ ಎಣ್ಣೆಯೊಂದೇ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಬಳಸುವ ಅದೇ ಅಗಸೆಯ ಗಾಣದ ಎಣ್ಣೆಯನ್ನು ತೆಳ್ಳಗೆ ಸವರಿ, ಹೆಚ್ಚಿನದನ್ನು ಒರೆಸಿ, ಪ್ರತಿ ಸಲವೂ ಕೆಲವು ದಿನ ಒಣಗಲು ಬಿಟ್ಟು ಎರಡು ಮೂರು ಬಾರಿ ಹಚ್ಚಿದರೆ ಹೊರಮೈಯ ರಂಧ್ರಗಳು ಸ್ವಲ್ಪ ಮುಚ್ಚುತ್ತವೆ. ಬಣ್ಣದ ಅಂಗಡಿಯ ಕಾಯಿಸಿದ ಅಗಸೆ ಎಣ್ಣೆ ಸಲ್ಲದು, ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬಾರದು, ಒಣಗುವಾಗ ಹುಟ್ಟುವ ಶಾಖದಿಂದ ಅದು ತಾನೇ ಹೊತ್ತಿಕೊಳ್ಳಬಹುದು. ಇಷ್ಟೆಲ್ಲ ಮಾಡಿದ ಮೇಲೂ ಆ ಪೊರೆ ನೀರನ್ನು ಪೂರ್ತಿ ತಡೆಯುವುದಿಲ್ಲ, ಒಳಬರುವ ವೇಗವನ್ನು ತಗ್ಗಿಸುತ್ತದೆ. ದಿನವೂ ಸಾರು, ಪಲ್ಯದಲ್ಲಿ ಆಡುವ ಸೌಟು ಎಣ್ಣೆಯ ಕೆಲ ಅಂಶವನ್ನು ಅಡುಗೆಯಿಂದಲೇ ಪಡೆಯುತ್ತದೆ. ವರ್ಷದಲ್ಲಿ ಕೆಲವೇ ದಿನ ಹೊರಬರುವ ಹಬ್ಬದ ದೊಡ್ಡ ಸೌಟಿಗೆ ಅಗಸೆ ಎಣ್ಣೆ ಹಚ್ಚುವುದರಲ್ಲಿ ಹೆಚ್ಚು ಅರ್ಥವಿದೆ.

ಎಣ್ಣೆಗಿಂತ ಉಪಯುಕ್ತವಾದ, ಆದರೆ ಕಡಿಮೆ ಪ್ರಸಿದ್ಧವಾದ ಕೆಲಸ ಹೊಸ ಸೌಟಿನ ರೋಮ ಇಳಿಸುವುದು. ಮೊದಲ ಸಲ ನೆನೆದಾಗ ಮೈಮೇಲಿನ ಕಡಿದ ನಾರುಗಳು ಊದಿ ಎದ್ದು ನಿಲ್ಲುತ್ತವೆ. ಸೌಟನ್ನು ಬೇಕೆಂದೇ ನೆನೆಸಿ, ಪೂರ್ತಿ ಒಣಗಿಸಿ, 220ರ ನಂತರ 320ರ ಉಪ್ಪುಕಾಗದದಿಂದ ನಾರಿನ ಗುಂಟ ಉಜ್ಜಿ, ಇದನ್ನೇ ಎರಡು ಮೂರು ಸಲ ಮಾಡಿದರೆ ಏಳಬೇಕಾದ ನಾರೆಲ್ಲ ಎದ್ದು ಹೋಗಿರುತ್ತದೆ. ಕೊನೆಗೆ ನುಣುಪಾದ ಹೊಳೆಗಲ್ಲಿನಿಂದ ಒತ್ತಿ ತೀಡಿದರೆ ಮೈ ಬಿಗಿಯುತ್ತದೆ. ಬಣ್ಣ ಬಿಡುವ ಹಲಸಿನಂಥ ಮರಕ್ಕೆ ಈ ನೆನೆಸುವಿಕೆಯೇ ಬಣ್ಣ ಕಳೆಯುವ ಉಪಾಯವೂ ಹೌದು.

ಮರ ಕೊಳಕೆಂಬ ಅನುಮಾನಕ್ಕೆ ಪ್ರಯೋಗಾಲಯದ ಉತ್ತರ ಭಾಗಶಃ ಮಾತ್ರ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ನೆಸೆ ಆಕ್ ತರಕಾರಿ, ಮಾಂಸ ಕತ್ತರಿಸುವ ಹಲಗೆಗಳನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಫಲಿತಾಂಶ ಆಗ ಅಚ್ಚರಿ ಹುಟ್ಟಿಸಿತು: ಮರದ ಮೇಲ್ಮೈಯಲ್ಲಿ ಬಿಟ್ಟ ಬ್ಯಾಕ್ಟೀರಿಯಾಗಳು ಬೇಗ ಒಳಗೆ ಎಳೆಯಲ್ಪಟ್ಟು ಮೇಲಿನಿಂದ ಮರಳಿ ಸಿಗದಾದವು, ಚೂರಿಯ ಗೀರು ಬಿದ್ದ ಪ್ಲಾಸ್ಟಿಕ್‌ನಲ್ಲಿ ಉಳಿದುಕೊಂಡವು. ಅದು ಹಲಗೆಗಳ ಅಧ್ಯಯನ, ಸೌಟುಗಳದ್ದಲ್ಲ. ಅದನ್ನೇ ಹಿಡಿದು ಮರ ತಾನೇ ತನ್ನನ್ನು ಶುದ್ಧಿ ಮಾಡಿಕೊಳ್ಳುತ್ತದೆ ಎಂದು ಸಾರುವುದು ತಪ್ಪಾಗುತ್ತದೆ. ಕುದಿಯುವ ಪದಾರ್ಥದಲ್ಲಿ ಆಡಿದ ಸೌಟಿನ ಭಯ ಕಡಿಮೆ. ಹಸಿ ಮೊಟ್ಟೆ, ಹಸಿ ಮಾಂಸ ಕಲಸಿದ್ದನ್ನು ಮಾತ್ರ ಕೂಡಲೇ ಬಿಸಿನೀರು, ಸೋಪಿನಿಂದ ತೊಳೆಯಬೇಕು.

ಕಲೆಗಳಿಗೆ ಹೆದರಬೇಕಿಲ್ಲ. ಅರಿಶಿನದ ಬಣ್ಣ ನೀರಿಗೆ ಹೋಗುವುದಿಲ್ಲ, ಬಿಸಿಲಿಗೆ ಮಾಸುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಒದ್ದೆ ಸೌಟು ಬಿಟ್ಟರೆ ಮೂಡುವ ಕಪ್ಪು, ಮರದ ಟ್ಯಾನಿನ್ನೂ ಕಬ್ಬಿಣವೂ ಸೇರಿ ಆದ ಶಾಯಿ. ನಿಂಬೆರಸ ತಿಕ್ಕಿದರೆ ತಿಳಿಯಾಗುತ್ತದೆ. ಬೆಳ್ಳುಳ್ಳಿ, ಈರುಳ್ಳಿಯ ವಾಸನೆ ಮಾತ್ರ ಹಟಮಾರಿ. ಪಾಯಸಕ್ಕೂ ಸಾರಿಗೂ ಬೇರೆ ಬೇರೆ ಸೌಟು ಇಡುವ ಮನೆಗಳ ರೂಢಿ ಅದಕ್ಕೆ ಕೊಟ್ಟ ಸರಿಯಾದ ಉತ್ತರ.

ಎಷ್ಟೇ ನೋಡಿಕೊಂಡರೂ ಸೌಟಿಗೆ ಕೊನೆಯಿದೆ. ಎದ್ದ ನಾರು, ಕರಕಾದ ಅಂಚು, ಮೇಲ್ಮೈಯ ಬೂಷ್ಟು ಉಪ್ಪುಕಾಗದಕ್ಕೆ ಹೋಗುತ್ತವೆ. ಬಟ್ಟಲಿನಲ್ಲಿ ಉಗುರು ಹೊಗುವಷ್ಟು ಬಿರುಕು, ಉಜ್ಜಿದರೂ ಒಳಗೆ ಮುಂದುವರಿದಿರುವ ಕಪ್ಪು ಚುಕ್ಕೆ, ಒತ್ತಿದರೆ ತಗ್ಗುವ ಮೆತ್ತನೆ ಜಾಗ, ಒಣಗಿದ ಮೇಲೂ ಬಿಡದ ಮುಗ್ಗಲು ವಾಸನೆ: ಇವು ಬಂದ ಸೌಟನ್ನು ಉಳಿಸುವ ಪ್ರಯತ್ನ ವ್ಯರ್ಥ. ಬಿರುಕಿಗೆ ಮರದ ಅಂಟು ತುಂಬುವುದು ಕೆಲವರ ರೂಢಿ, ಬಿಳಿ ಅಂಟು ಬಿಸಿನೀರಿಗೆ ಮೆತ್ತಗಾಗಿ ಸಾರಿಗೇ ಸೇರುತ್ತದೆ. ಬಟ್ಟಲು ಹೋಗಿ ಹಿಡಿ ಗಟ್ಟಿಯಿದ್ದರೆ ಅದು ಕರಟದ ಸೌಟಿನ ಹಿಡಿಯಾಗಬಹುದು. ಉಳಿದದ್ದು, ವಾರ್ನಿಷ್ ಇಲ್ಲದ ಮರವಾದರೆ, ಬಚ್ಚಲ ಒಲೆಗೆ.